ಕ್ರೀಪರ್ ಯಾಕೆ ಬರಲಿಲ್ಲ?

ಅಕ್ಕನ ಮಗ ಬೇಸಿಗೆ ರಜೆಗೆ ನಮ್ಮ ಮನೆಗೆ ಬಂದಿದ್ದ. ಎಂಟನೇ ಕ್ಲಾಸು ಮುಗಿಸಿದ ಹುಡುಗ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಐದು ದಿನ ಕೂತು ಮೈನ್‌ಕ್ರಾಫ್ಟಿನೊಳಗೆ ಒಂದು ಗೋಪುರ ಕಟ್ಟಿದ. ಆರನೇ ದಿನ ಊಟಕ್ಕೆ ಕರೆದರೆ ಬರಲಿಲ್ಲ. ಹೋಗಿ ನೋಡಿದರೆ ಪರದೆ ಮುಂದೆ ಕೈಕಟ್ಟಿಕೊಂಡು ಕೂತಿದ್ದಾನೆ.

"ಏನೂ ಬರ್ತಿಲ್ಲ ಮಾಮ. ವಿಡಿಯೋದಲ್ಲಿ ಹೆಂಗೆ ತೋರ್ಸಿದಾರೋ ಹಂಗೇ ಕಟ್ಟಿದೀನಿ. ನಂಗೆ ಇವೆಲ್ಲ ಬರಲ್ಲ ಅನ್ಸುತ್ತೆ" ಅಂದ.

ಈ ಕೊನೇ ಮಾತು ನನಗೆ ಚುಚ್ಚಿತು. ಹದಿಮೂರು ವರ್ಷದ ಹುಡುಗನ ಬಾಯಲ್ಲಿ "ನಂಗೆ ಬರಲ್ಲ" ಅಂತ ಹೇಳಿಸುವ ಆಟದ ಮೇಲೆ ನನಗೊಂದು ತಕರಾರಿದೆ. ಅದೇ ಆಟದ ಮೇಲೆ ಪ್ರೀತಿಯೂ ಇದೆ, ಅದನ್ನೂ ಹೇಳ್ತೀನಿ.

ಆಡದವರಿಗೆ ಎರಡು ಮಾತು. ಮೈನ್‌ಕ್ರಾಫ್ಟ್ ಅಂದರೆ ಚೌಕಾಕಾರದ ಬ್ಲಾಕುಗಳ ಪ್ರಪಂಚ. ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರಲ್ಲಿ ಇದರ ಮೊದಲ ರೂಪ ಹೊರಬಿಟ್ಟರು, 2011ರ ನವೆಂಬರಿನಲ್ಲಿ ಪೂರ್ಣ ಆವೃತ್ತಿ ಬಂತು, 2014ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಹಗಲು ಮಣ್ಣು ಅಗಿಯಬಹುದು, ಮನೆ ಕಟ್ಟಬಹುದು. ಕತ್ತಲಾದರೆ ಜಾಂಬಿ, ಅಸ್ಥಿಪಂಜರ, ಜೇಡ, ಮತ್ತೆ ಸದ್ದಿಲ್ಲದೆ ಹಿಂದೆ ಬಂದು ಢಮಾರ್ ಅನ್ನುವ ಹಸಿರು ಕ್ರೀಪರ್. ಇವಕ್ಕೆಲ್ಲ ಸೇರಿಸಿ ಆಟಗಾರರು ಮಾಬ್ ಅಂತಾರೆ. ಮಾಬ್ ಸತ್ತರೆ ಏನಾದರೂ ಬೀಳುತ್ತೆ: ಅಸ್ಥಿಪಂಜರದಿಂದ ಎಲುಬು, ಬಾಣ; ಜೇಡದಿಂದ ದಾರ; ಕ್ರೀಪರಿನಿಂದ ಮದ್ದಿನಪುಡಿ. ನಮ್ಮ ಹುಡುಗನಿಗೆ ಬೇಕಾಗಿದ್ದದ್ದು ಮದ್ದಿನಪುಡಿ. ಅದರಿಂದ ರಾಕೆಟ್ ಮಾಡಿಕೊಂಡು ರೆಕ್ಕೆ ಕಟ್ಟಿ ಹಾರಬೇಕಿತ್ತು.

ಒಂದೊಂದೇ ಕ್ರೀಪರನ್ನು ಹುಡುಕಿ ಕೊಲ್ಲುವುದು ಬೇಜಾರಿನ ಕೆಲಸ. ಹಾಗಾಗಿ ಜನ ಒಂದು ಕತ್ತಲೆ ಕೋಣೆ ಕಟ್ಟುತ್ತಾರೆ. ಕತ್ತಲಲ್ಲಿ ಮಾಬುಗಳು ತಾವೇ ಹುಟ್ಟುತ್ತವೆ. ಆಟದ ಭಾಷೆಯಲ್ಲಿ ಇದು ಸ್ಪಾನ್ ಆಗೋದು. ಕಟ್ಟೆಯ ಅಂಚಿಗೆ ತೆರೆದ ಟ್ರ್ಯಾಪ್‌ಡೋರ್ ಇಟ್ಟರೆ ಅವು ಅದನ್ನೂ ನೆಲ ಅಂದುಕೊಂಡು ಕಾಲಿಟ್ಟು ಕಾಲುವೆಗೆ ಬೀಳುತ್ತವೆ, ನೀರು ಅವನ್ನು ಒಂದು ಬಾವಿಗೆ ತಳ್ಳುತ್ತೆ. ಇದಕ್ಕೆ ಫಾರ್ಮ್ ಅಂತ ಹೆಸರು. ಬಿತ್ತನೆ ಇಲ್ಲ, ಕಳೆ ಇಲ್ಲ, ಮಳೆಗೆ ಕಾಯೋದಿಲ್ಲ. ನನ್ನ ಕೇಳಿದರೆ ಇದು ಬೋನು. ಇರಲಿ, ಫಾರ್ಮ್ ಅಂತಲೇ ಕರೆಯೋಣ.

ಊಟ ಮುಗಿಸಿ ಇಬ್ಬರೂ ಕೂತೆವು. ಆಫೀಸಿನಲ್ಲಿ ಇದೇ ತಾನೆ ನನ್ನ ಕೆಲಸ, ಯಾರೋ ಬರೆದ ಕೋಡ್ ಯಾಕೆ ಕೆಲಸ ಮಾಡ್ತಿಲ್ಲ ಅಂತ ಹುಡುಕೋದು. ಆದರೆ ಅಲ್ಲಿ ಒಂದು ಉಪಕಾರ ಇರುತ್ತೆ. ಕೋಡ್ ಬಿದ್ದರೆ ಕಿರುಚಿಕೊಂಡು ಬೀಳುತ್ತೆ, ಇಂಥ ಸಾಲಿನಲ್ಲಿ ಇಂಥ ತಪ್ಪು ಅಂತ ಕೆಂಪಕ್ಷರದಲ್ಲಿ ಹೇಳುತ್ತೆ. ಇಲ್ಲಿ ಅದೂ ಇಲ್ಲ. ಕೋಣೆ ಖಾಲಿ, ಅಷ್ಟೇ. ತಪ್ಪಾಗಿದೆಯೋ, ಇನ್ನೂ ಹೊತ್ತಾಗಬೇಕೋ, ಎಂದೂ ಆಗೋದೇ ಇಲ್ಲವೋ, ಮೂರಕ್ಕೂ ಆಟದ ಉತ್ತರ ಒಂದೇ ಮೌನ.

ಮೊದಲು ಸಿಕ್ಕಿದ್ದು ಒಂದು ಪಂಜು. ಒಳಗೆ ಏನಾದರೂ ಹುಟ್ಟಿದೆಯಾ ನೋಡೋಣ ಅಂತ ಹುಡುಗ ಗೋಡೆಯಲ್ಲೊಂದು ಕಿಂಡಿ ತೆಗೆದಿದ್ದ. ಕಾಣಲಿ ಅಂತ ಹೊರಗೊಂದು ಪಂಜು ನೆಟ್ಟು ಅಲ್ಲೇ ಮರೆತಿದ್ದ. ಪಂಜಿನ ಬೆಳಕು 14, ಒಂದೊಂದು ಬ್ಲಾಕ್ ದಾಟಿದಂತೆ ಒಂದೊಂದು ಕಮ್ಮಿ. ಹಿಂದೆ ಬೆಳಕಿನ ಮಟ್ಟ 7 ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಸಾಕಿತ್ತು, ಮಾಬ್ ಹುಟ್ಟುತ್ತಿತ್ತು. 2021ರ ನವೆಂಬರ್ 30ರಂದು ಬಂದ 1.18ನೇ ಆವೃತ್ತಿ ಆ ಕಾಯ್ದೆ ಬದಲಿಸಿತು. ಈಗ ಪಂಜು, ದೀಪಗಳ ಬೆಳಕು ಪೂರ್ತಿ ಸೊನ್ನೆ ಆಗಿರಲೇಬೇಕು. ಅಂದರೆ ಆ ಒಂದು ಪಂಜು, ಬೆಳಕು ಹಾಯುವ ಕಡೆಯಲ್ಲೆಲ್ಲ 13 ಬ್ಲಾಕ್ ದೂರದವರೆಗೆ ಬೀಗ ಹಾಕಿತ್ತು. ಹುಡುಗ ನೋಡಿದ ವಿಡಿಯೋ ಅದಕ್ಕೂ ಹಿಂದಿನದು. ಅದರಲ್ಲಿ ಒಂದಿಷ್ಟು ಮಬ್ಬು ಬೆಳಕು ಸೋರಿದರೂ ಪರವಾಗಿಲ್ಲ ಅಂದಿದ್ದರಂತೆ. ಆವತ್ತಿಗೆ ಅದು ಸುಳ್ಳಲ್ಲ.

ಕಾಯ್ದೆ ಬದಲಾಗಿದ್ದಕ್ಕೆ ನನ್ನ ತಕರಾರಿಲ್ಲ. ಗುಹೆಗೆ ದೀಪ ಹಾಕೋರಿಗೆ ಅದು ವರವೇ, ಕಮ್ಮಿ ಪಂಜಿನಲ್ಲಿ ಕೆಲಸ ಮುಗಿಯುತ್ತೆ. ಬದಲಾವಣೆಯ ಟಿಪ್ಪಣಿಯಲ್ಲಿ ಅವರು ಬರೆದೂ ಇದ್ದಾರೆ. ಆಟದೊಳಗೆ ಮಾತ್ರ ಎಲ್ಲೂ ಬರೆದಿಲ್ಲ. ಟಿಪ್ಪಣಿ ಓದಿಕೊಂಡು ಆಟಕ್ಕೆ ಕೂರುವ ಎಂಟನೇ ಕ್ಲಾಸಿನ ಹುಡುಗನನ್ನು ನಾನಂತೂ ಕಂಡಿಲ್ಲ.

ಪಂಜು ಕಿತ್ತೆವು, ಕಿಂಡಿ ಮುಚ್ಚಿದೆವು. ಕಾದೆವು. ಹತ್ತು ನಿಮಿಷಕ್ಕೆ ಒಂದು ಜಾಂಬಿ ದೊಪ್ಪನೆ ಬಿತ್ತು. ಹುಡುಗನ ಮುಖ ಅರಳಿ ಮತ್ತೆ ಬಾಡಿತು. ವಿಡಿಯೋದಲ್ಲಿ ನಿಮಿಷಕ್ಕೆ ಹತ್ತಾರು ಬೀಳ್ತಿದ್ವಂತೆ.

ಎರಡನೇ ತಪ್ಪು ಅವನೇ. ಅಂದರೆ, ಅವನು ನಿಂತಿದ್ದ ಜಾಗ. ಆಟಗಾರನಿಂದ 24 ಬ್ಲಾಕ್ ಒಳಗೆ ಮಾಬ್ ಹುಟ್ಟುವ ಹಾಗಿಲ್ಲ. 128 ಬ್ಲಾಕ್ ದಾಟಿದ್ದು ಆ ಕ್ಷಣವೇ ಮಾಯ. ನಡುವಿನ ಬಳೆಯಷ್ಟೇ ಮಾಬುಗಳ ಲೋಕ. ಅದೂ ಎಲ್ಲ ದಿಕ್ಕಿಗೂ, ಮೇಲಕ್ಕೂ ಕೆಳಕ್ಕೂ, ದೊಡ್ಡ ಚೆಂಡಿನೊಳಗೆ ಚಿಕ್ಕ ಚೆಂಡು ಇಟ್ಟ ಹಾಗೆ. ಹುಡುಗ ಬಾವಿಯ ತಳದಲ್ಲಿ ಕತ್ತಿ ಹಿಡಿದು ನಿಂತಿದ್ದ. ಬೀಳುವ ಆಳ 22 ಬ್ಲಾಕ್. ಎಷ್ಟು ಬ್ಲಾಕ್ ಬೀಳುತ್ತೋ ಅದರಲ್ಲಿ 3 ಕಳೆದರೆ ಏಟಿನ ಲೆಕ್ಕ. ಜಾಂಬಿಗೆ 20 ಜೀವ, 19 ಹೋಗುತ್ತೆ, ಉಳಿದ ಒಂದಕ್ಕೆ ಕತ್ತಿಯ ಒಂದೇ ಗುದ್ದು. ಚೆಂದದ ಲೆಕ್ಕವೇ. ಆದರೆ ತಳದಲ್ಲಿ ನಿಂತವನ ತಲೆ ಮೇಲಿನ ಕಟ್ಟೆಯ ನಡುಭಾಗ ಆ 24ರೊಳಕ್ಕೇ ಬರುತ್ತೆ. ಯಾವುದಕ್ಕಾಗಿ ಕಾಯುತ್ತಿದ್ದನೋ ಅದು ಬರದ ಹಾಗೆ ತಾನೇ ತಡೆದು ನಿಂತಿದ್ದ.

ಇದನ್ನು ಹೇಳಿದಾಗ ಹುಡುಗ ನಕ್ಕ. ನನಗೆ ಮಾತ್ರ ಸಣ್ಣಗೆ ಬೆರಗಾಯಿತು. ನಾವು ನೋಡುವ ಆ ವಿಶಾಲ ಪ್ರಪಂಚ, ಬೆಟ್ಟ, ಕಡಲು, ಅದರ ಭಯವೆಲ್ಲ ಆಟಗಾರನ ಸುತ್ತ ಕೊಡೆಯ ಹಾಗೆ ಹಿಡಿದದ್ದು. ನಾವು ನಡೆದರೆ ಭಯವೂ ನಡೆಯುತ್ತೆ, ಹಿಂದೆ ಉಳಿದ ಜಾಂಬಿ ಎಲ್ಲೂ ಉಳಿಯೋದಿಲ್ಲ. ಇಂಥ ಒಂದು ಸಂಗತಿಯನ್ನು ಫಾರ್ಮ್ ಕೆಟ್ಟ ಮೇಲಷ್ಟೇ ತಿಳಿಯುವ ಹಾಗೆ ಇಟ್ಟಿದ್ದಾರೆ. ಇಲ್ಲಿ ನಾನು ಈ ಆಟಕ್ಕೆ ಪೂರ್ತಿ ಅಂಕ ಕೊಡ್ತೀನಿ.

"ಕೊಲ್ಲೋ ಕೆಲಸ ನಿಂಗ್ಯಾಕೆ? ನಿಂಗೆ ಅನುಭವದ ಅಂಕ ಬೇಕಾ, ಮದ್ದಿನಪುಡಿ ಬೇಕಾ?" ಅಂದೆ. ಅನುಭವದ ಅಂಕ ಬೇಕಿದ್ದರೆ ಆಟಗಾರನೇ ಹೊಡೆಯಬೇಕು, ಮದ್ದಿನಪುಡಿಗೆ ಆ ಕಟ್ಟುಪಾಡಿಲ್ಲ. ತಳವನ್ನು ಇನ್ನೂ 10 ಬ್ಲಾಕ್ ಅಗೆದ. ಈಗ ಬಿದ್ದದ್ದು ಬಿದ್ದಲ್ಲೇ ಸಾಯುತ್ತೆ, ಕೆಳಗಿನ ಹಾಪರ್ ಸಾಮಾನು ಹೆಕ್ಕುತ್ತೆ, ಕಟ್ಟೆಯೂ 24ರ ಆಚೆ ಹೋಯಿತು. ಬೀಳುವುದು ಸ್ವಲ್ಪ ಹೆಚ್ಚಾಯಿತು. ಸ್ವಲ್ಪ ಮಾತ್ರ.

ಮೂರನೆಯದೇ ನಿಜವಾದ ಕಾರಣ, ಅದು ಗೋಪುರದೊಳಗೆ ಇರಲೇ ಇಲ್ಲ.

ಕೀಬೋರ್ಡಿನಲ್ಲಿ ಎಫ್3 ಒತ್ತಿದರೆ ಪರದೆ ತುಂಬ ಅಂಕಿ ಸುರಿಯುತ್ತೆ. ಅದರ ನಡುವೆ ಒಂದು ಸಾಲು: ಎಸ್‌ಸಿ, ಎಮ್, ಸಿ ಅಂತೇನೇನೋ ಅಕ್ಷರ, ಪಕ್ಕದಲ್ಲಿ ಅಂಕಿ. ಎಮ್ ಅಂದರೆ ಮಾನ್‌ಸ್ಟರ್. ನಮ್ಮದರಲ್ಲಿ ಆ ಅಂಕಿ 70ರ ಆಸುಪಾಸಿನಲ್ಲೇ ಕೂತಿತ್ತು. ಇಳಿಯಲೊಲ್ಲದು. ಜಾವಾ ಆವೃತ್ತಿಯಲ್ಲಿ ಒಬ್ಬನೇ ಆಡುವಾಗ ಇಂಥ ದುಷ್ಟ ಮಾಬುಗಳ ಮಿತಿ 70. ಎಪ್ಪತ್ತು ತುಂಬಿದರೆ ಹೊಸದು ಹುಟ್ಟೋದಿಲ್ಲ, ನಿಮ್ಮ ಕತ್ತಲ ಕೋಣೆ ಎಷ್ಟೇ ಚೆನ್ನಾಗಿರಲಿ. ಆ ಎಪ್ಪತ್ತೂ ಎಲ್ಲಿದ್ದವು? ಕಾಲ ಕೆಳಗೆ. ಗೋಪುರದ ಅಡಿ ಇರುವ ಗುಹೆಗಳಲ್ಲಿ, ಯಾರೂ ಕಾಲಿಡದ, ಯಾರೂ ಪಂಜಿಡದ ಕತ್ತಲಲ್ಲಿ ಜಾಂಬಿಗಳು ಸುಮ್ಮನೆ ಅಡ್ಡಾಡಿಕೊಂಡಿದ್ದವು.

ನಮ್ಮೂರಲ್ಲಿ ಬೋರು ಕೈಕೊಟ್ಟರೆ ಮೊದಲು ಮೋಟರ್ ಮೇಲೆತ್ತಿಸ್ತಾರೆ. ಕೇಬಲ್ ನೋಡ್ತಾರೆ, ಪೈಪ್ ಬದಲಾಯಿಸ್ತಾರೆ. ಮೂರು ದಿನ, ಒಂದಷ್ಟು ಸಾವಿರ ರೂಪಾಯಿ ಹೋದ ಮೇಲೆ ಗೊತ್ತಾಗುತ್ತೆ, ಪಕ್ಕದ ತೋಟದವರು ಇನ್ನೂ ಆಳಕ್ಕೆ ಕೊರೆಸಿದ್ದಾರೆ ಅಂತ. ನಮ್ಮ ಮೋಟರಿನ ತಪ್ಪೇನಿಲ್ಲ. ಹುಡುಗನೂ ತನ್ನ ಮೋಟರನ್ನೇ ಮತ್ತೆ ಮತ್ತೆ ಮೇಲೆತ್ತುತ್ತಿದ್ದ. ಎರಡು ಸಲ ಗೋಡೆ ಒಡೆದು ಕಟ್ಟಿದ್ದನಂತೆ, ಒಂದು ಸಾಲು ಬ್ಲಾಕ್ ಆಚೀಚೆ ಆಗಿರಬಹುದು ಅಂತ. ವಿಡಿಯೋ ಮಾಡಿದವರು ತಮ್ಮ ಗೋಪುರದ ಕೆಳಗಿನ ಗುಹೆಗೆ ದೀಪ ಹಾಕಿದ್ದರೋ, ಕಡಲಿನ ಮೇಲೆ ಕಟ್ಟಿದ್ದರೋ, ತೋರಿಸಿದ್ದು ಮಾತ್ರ ಗೋಪುರ.

ಇಲ್ಲಿ ಎರಡು ದಾರಿ. ಒಂದು, ಫಾರ್ಮನ್ನೇ ಆಕಾಶಕ್ಕೆ ಎತ್ತೋದು. ನೆಲ 128ರ ಆಚೆ ಹೋಗುವಷ್ಟು ಮೇಲೆ ನಿಂತರೆ ಕೆಳಗಿನ ಗುಹೆಗಳು ಲೆಕ್ಕಕ್ಕೇ ಬರೋದಿಲ್ಲ. ಆದರೆ ಅದಕ್ಕೂ ಒಂದು ದಂಡ ಇದೆ. ಮಾಬ್ ಎಲ್ಲಿ ಹುಟ್ಟಬೇಕು ಅಂತ ಆಟ ಚೀಟಿ ಎತ್ತುವಾಗ, ಪ್ರಪಂಚದ ತಳದಿಂದ ಆ ಜಾಗದ ಅತಿ ಎತ್ತರದ ಬ್ಲಾಕಿನವರೆಗೆ ಯಾವುದೋ ಒಂದು ಎತ್ತರ ಆರಿಸುತ್ತೆ. ಚೀಟಿ ಕಲ್ಲಿನೊಳಗೋ ಬರೀ ಗಾಳಿಯಲ್ಲೋ ಬಿದ್ದರೆ ವ್ಯರ್ಥ. ಗೋಪುರ ಎತ್ತರವಾದಷ್ಟೂ ವ್ಯರ್ಥ ಚೀಟಿ ಜಾಸ್ತಿ. 1.18ರಲ್ಲಿ ತಳವೇ 0ಯಿಂದ ಮೈನಸ್ 64ಕ್ಕೆ ಇಳಿಯಿತು, ಅಲ್ಲೂ ಚೀಟಿ ಹಂಚಿಹೋಯಿತು. ಎರಡನೇ ದಾರಿ, ಗುಹೆಗಳಿಗೆ ಇಳಿದು ದೀಪ ಹಾಕೋದು.

"ಕಟ್ಟಿದ್ದನ್ನ ಕೆಡವಲ್ಲ ಮಾಮ" ಅಂದ. ಎರಡು ಸಂಜೆ ಗುಹೆ ಇಳಿದ. ನಾನು ಪಕ್ಕದಲ್ಲಿ ಕೂತು ಎಮ್ ಸಂಖ್ಯೆ ಓದುತ್ತಿದ್ದೆ. 66, 58, 41. ಪಂಜಿನ ಹಿಂದೆ ಪಂಜು. ಈ ಎರಡು ಸಂಜೆಯಲ್ಲಿ ಅವನು ತನ್ನ ಪ್ರಪಂಚದ ಬಗ್ಗೆ ತಿಳಿದುಕೊಂಡಷ್ಟು ಹಿಂದಿನ ಐದು ದಿನ ತಿಳಿದಿರಲಿಲ್ಲ. ಗೋಪುರದ ನೇರ ಕೆಳಗೇ ಲಾವಾ ಕೆರೆಯೊಂದು ಇತ್ತು, ಅದರ ದಡದಲ್ಲಿ ವಜ್ರ. ಅದನ್ನು ನೋಡಿ ಅವನು ಮದ್ದಿನಪುಡಿಯನ್ನೇ ಅರ್ಧ ಗಂಟೆ ಮರೆತ.

ಇಲ್ಲಿ ಆಟದ ಪರ ಒಂದು ವಾದ ಹೂಡಬಹುದು. ಈ ನಿಯಮಗಳನ್ನು ಬರೆದದ್ದು ಹೆದರಿಸೋದಕ್ಕೆ, ಫಾರ್ಮಿಗಲ್ಲ. ಕತ್ತಲಲ್ಲಿ ಏನಿದೆ, ಎಷ್ಟಿದೆ ಅಂತ ಮೊದಲೇ ಹೇಳಿಬಿಟ್ಟರೆ ಹೆದರಿಕೆ ಎಲ್ಲಿ ಉಳಿಯುತ್ತೆ? ಫ್ಯಾಕ್ಟೋರಿಯೊ ಅಂತ ಕಾರ್ಖಾನೆ ಕಟ್ಟುವ ಆಟ ಇದೆ. ಅದರಲ್ಲಿ ಕರೆಂಟು ಸಿಗದ ಯಂತ್ರದ ಮೇಲೆ ಒಂದು ಗುರುತು ಮಿನುಗುತ್ತಲೇ ಇರುತ್ತೆ. ಅದು ಕಾರ್ಖಾನೆಯ ಆಟ, ಮಿನುಗಲಿ. ಮೈನ್‌ಕ್ರಾಫ್ಟಿನ ಗುಹೆಯಲ್ಲಿ "ಇಲ್ಲಿ 31 ಜಾಂಬಿಗಳಿವೆ" ಅಂತ ಬೋರ್ಡ್ ನೇತುಹಾಕಿದರೆ ಅಪಚಾರವೇ. ಈ ವಾದವನ್ನು ನಾನು ಮುಕ್ಕಾಲುಪಾಲು ಒಪ್ತೀನಿ.

ಒಪ್ಪದ ಕಾಲುಭಾಗ ಇದು. ಮೊದಲಿಗೆ ಈ ಆಟದಲ್ಲಿ ಗುದ್ದಲಿ ಮಾಡುವುದು ಹೇಗೆ ಅಂತಲೂ ಯಾರೂ ಹೇಳುತ್ತಿರಲಿಲ್ಲ. ಕೋಲು, ಕಲ್ಲು ಹೇಗೆ ಜೋಡಿಸಬೇಕು ಅಂತ ಹೊರಗಿನವರನ್ನೇ ಕೇಳಬೇಕಿತ್ತು. 2017ರಲ್ಲಿ 1.12ನೇ ಆವೃತ್ತಿಯಲ್ಲಿ ಅದಕ್ಕೊಂದು ಪುಸ್ತಕ ಕೊಟ್ಟರು, ಆಟದೊಳಗೇ ತೆರೆದು ನೋಡಬಹುದು. ಕಂಡುಹಿಡಿಯುವ ಖುಷಿ ಅದರಿಂದ ಸತ್ತುಹೋಗಲಿಲ್ಲ. ಹಾಗಾದರೆ ಕತ್ತಲಿನ ಕಾಯ್ದೆಗೂ ಒಂದು ಹಳೇ ಪುಸ್ತಕ, ಯಾವುದೋ ಪಾಳು ಗುಡಿಯ ಪೆಟ್ಟಿಗೆಯಲ್ಲಿ ಸಿಗುವ ಹಾಗೆ, ಇಡಬಹುದಿತ್ತಲ್ಲ? ಗುಟ್ಟು ಇರಲಿ, ಆದರೆ ಹುಡುಕಿದರೆ ಆಟದೊಳಗೇ ಸಿಗೋ ಗುಟ್ಟಾಗಿರಲಿ. ಎಫ್3ರ ಆ ಒಂಟಿ ಎಮ್ ಬರೆದವರ ಅನುಕೂಲಕ್ಕೆ ಬರೆದುಕೊಂಡ ಗುರುತು. ನಾನೂ ದಿನಾ ಅಂಥ ಗುರುತು ಬರೆದು ಬಿಟ್ಟು ಬರೋನೇ, ನನಗದು ಕಂಡ ತಕ್ಷಣ ಗೊತ್ತಾಯ್ತು. ಹುಡುಗನಿಗೆ ಹೇಗೆ ಗೊತ್ತಾಗಬೇಕು?

ಅದಕ್ಕಿಂತ ದೊಡ್ಡ ದೂರು ಇನ್ನೊಂದಿದೆ. ಮೈನ್‌ಕ್ರಾಫ್ಟ್ ಅಂತ ಒಂದೇ ಹೆಸರಿನಲ್ಲಿ ಎರಡು ಆಟಗಳಿವೆ. ಕಂಪ್ಯೂಟರಿನಲ್ಲಿ ಆಡುವ ಜಾವಾ, ಮತ್ತೆ ಫೋನು, ಟ್ಯಾಬ್ಲೆಟ್ಟುಗಳಲ್ಲೂ ಓಡುವ ಬೆಡ್‌ರಾಕ್. ಬೆಡ್‌ರಾಕಿನಲ್ಲಿ ಮಾಬುಗಳ ಲೆಕ್ಕ ಬೇರೆ, ನೆಲದ ಮೇಲಿನವಕ್ಕೆ ಒಂದು ಮಿತಿ, ಗುಹೆಯವಕ್ಕೆ ಇನ್ನೊಂದು. ಸೆಟ್ಟಿಂಗಿನಲ್ಲಿ ಸಿಮ್ಯುಲೇಷನ್ ದೂರ 4 ಅಂತ ಇದ್ದರೆ ಮಾಬ್ ಹುಟ್ಟುವ ಬಳೆ 24ರಿಂದ 128 ಅಲ್ಲ, 24ರಿಂದ 44. ಜಾವಾದ ನಕ್ಷೆ ನೋಡಿ ಟ್ಯಾಬಿನಲ್ಲಿ ಫಾರ್ಮ್ ಕಟ್ಟುವ ಮಗುವಿಗೆ ಈ ವ್ಯತ್ಯಾಸವನ್ನು ಆಟ ಹೇಳೋದಿಲ್ಲ. ಎರಡರಲ್ಲೂ ಅದೇ ಹಸಿರು ಕ್ರೀಪರ್, ಅದೇ ಕಲ್ಲು. ಮಗು ತನ್ನನ್ನೇ ಬೈದುಕೊಳ್ಳುತ್ತೆ.

ಮೂರನೇ ಸಂಜೆ ಎಮ್ ಹನ್ನೊಂದಕ್ಕೆ ಇಳಿದಿತ್ತು. ಹುಡುಗ ಬಾವಿಯ ಪಕ್ಕ ನಿಂತು ಮಾತಾಡಬೇಡ ಅಂತ ಕೈಸನ್ನೆ ಮಾಡಿದ. ದೊಪ್. ದೊಪ್ ದೊಪ್. ಆಮೇಲೆ ಎಣಿಸೋದಕ್ಕೇ ಆಗಲಿಲ್ಲ. ಹಾಪರಿನ ಪೆಟ್ಟಿಗೆ ತೆರೆದರೆ ಎಲುಬು, ಬಾಣ, ಕೊಳೆತ ಮಾಂಸ, ನಡುವೆ ಬೂದಿ ಬಣ್ಣದ ಮದ್ದಿನಪುಡಿ. ರಾತ್ರಿ ಅವನು ಹಾರಿದ. ನಾನು ಮಲಗಿದಾಗ ಹನ್ನೆರಡೂವರೆ, ಅವನಿನ್ನೂ ಕೆಳಗಿಳಿದಿರಲಿಲ್ಲ.

ರಜೆ ಮುಗಿಸಿ ಊರಿಗೆ ಹೋಗಿ ವಾರವಾಗಿತ್ತು, ಫೋನ್ ಬಂತು. ಅಲ್ಲಿ ಅವನ ಹತ್ತಿರ ಇರೋದು ಅಕ್ಕನ ಟ್ಯಾಬು.

"ಮಾಮ, ಅದೇ ಗೋಪುರ ಇಲ್ಲೂ ಕಟ್ಟಿದೆ. ಗುಹೆಗೆಲ್ಲ ಪಂಜು ಇಟ್ಟೆ. ದೂರಾನೂ ಎಣಿಸಿದೆ. ಏನೂ ಬರ್ತಿಲ್ಲ. ಇದ್ರಲ್ಲಿ ಎಫ್3 ಎಲ್ಲಿದೆ?"

"ಇದ್ರಲ್ಲಿ ಅದಿಲ್ಲ ಕಣೋ" ಅಂದೆ. "ಸೆಟ್ಟಿಂಗ್ಸ್ ತೆಗಿ. ಸಿಮ್ಯುಲೇಷನ್ ಅಂತ ಒಂದಿರುತ್ತೆ, ಎಷ್ಟಿದೆ ಹೇಳು."