ಅರ್ಜಿ ಯಾರದು, ನೌಕರಿ ಯಾರಿಗೆ

ಸರ್ಕಾರವೊಂದು ತನ್ನ ಪ್ರಜೆಗಳನ್ನು ಹೇಗೆ ಕಾಣುತ್ತದೆ ಎಂಬುದನ್ನು ಅದರ ನೇಮಕಾತಿಯಲ್ಲಿ ನೋಡಬೇಕು, ಭಾಷಣಗಳಲ್ಲಲ್ಲ. 1913ರಲ್ಲಿ ಅಮೆರಿಕದ ಅಧ್ಯಕ್ಷರಾದ ವುಡ್ರೋ ವಿಲ್ಸನ್ ಸುಧಾರಣಾವಾದಿ ಎಂದು ಹೆಸರಾದವರು. ಅದೇ ವರ್ಷ ಅವರ ಸಂಪುಟದ ಆಲ್ಬರ್ಟ್ ಬರ್ಲ್‌ಸನ್ ಅಂಚೆ ಇಲಾಖೆಯಲ್ಲೂ ವಿಲಿಯಂ ಮೆಕಡೂ ಖಜಾನೆಯಲ್ಲೂ ಕಪ್ಪು ನೌಕರರನ್ನು ಬಿಳಿಯರಿಂದ ಬೇರೆ ಕೂರಿಸಿದರು. ಊಟದ ಕೋಣೆ, ಶೌಚಾಲಯಗಳೂ ಬೇರೆಯಾದವು. 1914ರಿಂದ ಅರ್ಜಿಗೆ ಭಾವಚಿತ್ರ ಕಡ್ಡಾಯವಾಯಿತು. ಅಂಕಪಟ್ಟಿಗಿಂತ ಮೊದಲು ಮೈಬಣ್ಣ ಕಾಣುವಂತಾಯಿತು. ಆ ನವೆಂಬರಿನಲ್ಲಿ ಪತ್ರಕರ್ತ ವಿಲಿಯಂ ಮನ್ರೋ ಟ್ರಾಟರ್ ಶ್ವೇತಭವನಕ್ಕೇ ಹೋಗಿ ಪ್ರತಿಭಟಿಸಿದಾಗ ವಿಲ್ಸನ್ ಸಿಟ್ಟಾಗಿ ಮಾತುಕತೆ ಮುಗಿಸಿದರು. ತಿಕ್ಕಾಟ ತಪ್ಪಿಸಲು ಈ ಕ್ರಮ ಎಂಬುದು ಅವರ ಸಮರ್ಥನೆ. ಅನ್ಯಾಯಕ್ಕೆ ಆಡಳಿತ ತೊಡಿಸುವ ಅತ್ಯಂತ ಸಭ್ಯ ಅಂಗಿ ಇದು.

ಅದೇ ಕಾಲದ ಗುಲಬರ್ಗಾದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಬೇಲಿ ಬೇರೆ ಬಗೆಯದು. ಅದನ್ನಾಳುತ್ತಿದ್ದ ಹೈದರಾಬಾದ್ ನಿಜಾಮರ ಕಚೇರಿ, ನ್ಯಾಯಾಲಯಗಳ ಭಾಷೆ ಉರ್ದು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಅದೇ. 1919ರ ಮುಲ್ಕಿ (ಸ್ಥಳೀಯ) ನಿಯಮ ಹೊರಗಿನವರನ್ನು ತಡೆದು, ಸಂಸ್ಥಾನದಲ್ಲಿ ಹದಿನೈದು ವರ್ಷ ನೆಲೆಸಿದವರಿಗೂ ನೌಕರಿಯ ಹಕ್ಕು ಕೊಟ್ಟಿತು. ಕಾಗದದ ಮೇಲೆ ಅದು ನಾಡಿನವರ ಪರ. ಆದರೆ ಕನ್ನಡವಷ್ಟೇ ಬಲ್ಲ ಕಮಲಾಪುರದ ರೈತನ ಮಗ ಮುಲ್ಕಿಯಾಗಿದ್ದೂ ಬಾಗಿಲ ಹೊರಗೇ ಉಳಿದ. ಉರ್ದು ಕಲಿತ ಹಿಂದೂಗಳು ಹುದ್ದೆ ಪಡೆದರು, ಶಾಲೆ ಕಾಣದ ಬಡ ಮುಸ್ಲಿಮರು ಪಡೆಯಲಿಲ್ಲ. ಹಾಗಾಗಿ ಇದನ್ನು ಧರ್ಮದ ಕಥೆಯಾಗಿ ಮಾತ್ರ ಹೇಳುವುದು ತಪ್ಪು. ಅತ್ತ ಮೈಸೂರಿನಲ್ಲಿ 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿ ಹಿಂದುಳಿದವರಿಗೆ ಹುದ್ದೆ ಮೀಸಲಿಡಲು ಶಿಫಾರಸು ಮಾಡಿತು. ಆ ಬೆಳಕು ಭೀಮೆಯ ಸೀಮೆಗೆ ಬರಲಿಲ್ಲ. 1907ರ ನೂತನ ವಿದ್ಯಾಲಯ, 1934ರ ಶರಣಬಸವೇಶ್ವರ ವಿದ್ಯಾವರ್ಧಕ ಸಂಘಗಳಂಥ ಜನರ ಪ್ರಯತ್ನಗಳೇ ಇಲ್ಲಿ ಆಸರೆಯಾದವು.

ಈ ಹಿನ್ನೆಲೆಯಲ್ಲೇ, ಕಲಬುರಗಿಯನ್ನೊಳಗೊಂಡ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸವಲತ್ತು ಕೊಡುವ ಸಂವಿಧಾನದ 371ಜೆ ವಿಧಿಯನ್ನು ತೂಗಬೇಕು. ವೈಜನಾಥ ಪಾಟೀಲರಂಥವರ ದೀರ್ಘ ಹೋರಾಟದ ಫಲವಾಗಿ 2012ರಲ್ಲಿ ಸಂಸತ್ತು ಈ ವಿಧಿಯನ್ನು ಸೇರಿಸುವ 98ನೇ ತಿದ್ದುಪಡಿಯನ್ನು ಒಪ್ಪಿತು. 2013ರ ಆದೇಶಗಳ ಪ್ರಕಾರ ಈ ಭಾಗದ ಸ್ಥಳೀಯ ವೃಂದದಲ್ಲಿ ಬಿ ಗುಂಪಿನ ಶೇ 75, ಸಿ ಗುಂಪಿನ ಶೇ 80, ಡಿ ಗುಂಪಿನ ಶೇ 85 ಹುದ್ದೆಗಳು ಇಲ್ಲಿನವರಿಗೆ. ರಾಜ್ಯಮಟ್ಟದ ಕಚೇರಿಗಳಲ್ಲಿ ಶೇ 8. ವಿಲ್ಸನ್ ಆಡಳಿತವೂ ಅರ್ಜಿದಾರ ಯಾರೆಂದು ಕೇಳಿತು, 371ಜೆಯೂ ಕೇಳುತ್ತದೆ. ಅಲ್ಲಿ ಕೇಳಿದ್ದು ಒಳಗಿದ್ದವರನ್ನು ದಬ್ಬಲು, ಇಲ್ಲಿ ಕೇಳುವುದು ಹೊರಗುಳಿದವರನ್ನು ಕರೆಯಲು. ಮೀಸಲಾತಿ ಮತ್ತು ಭೇದಭಾವ ಎರಡೂ ಒಂದೇ ಎನ್ನುವವರು ಈ ಅಂತರವನ್ನು ಬೇಕೆಂದೇ ಅಳಿಸುತ್ತಾರೆ. ಮುಲ್ಕಿ ನಿಯಮಕ್ಕಿಂತಲೂ ಇದು ಮೇಲು, ಏಕೆಂದರೆ ಇದರ ಜೊತೆ ಪರಿಶಿಷ್ಟರ, ಹಿಂದುಳಿದವರ ಮೀಸಲಾತಿಯೂ ನಡೆಯುತ್ತದೆ. ಇದೇ ವಿಧಿಯಡಿ ಎಂಜಿನಿಯರಿಂಗ್, ವೈದ್ಯಕೀಯ ಸೀಟು ಪಡೆದ ಇಲ್ಲಿನ ಮಕ್ಕಳೇ ಅದರ ಗೆಲುವಿಗೆ ಸಾಕ್ಷಿ.

ಆದರೂ ಅದರ ಸೋಲನ್ನು ಮುಚ್ಚಿಡಬಾರದು. ಸೀಟು ಮೀಸಲಿಟ್ಟವರು ಸೀಟಿನವರೆಗಿನ ದಾರಿಯನ್ನು ದುರಸ್ತಿ ಮಾಡಲಿಲ್ಲ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ 42.43, ರಾಜ್ಯಕ್ಕೇ ಕೊನೆ. ಹತ್ತನೇ ತರಗತಿಯಲ್ಲೇ ಅರ್ಧಕ್ಕಿಂತ ಹೆಚ್ಚು ಮಕ್ಕಳು ಬಿದ್ದರೆ ಮೀಸಲು ಹುದ್ದೆಗೆ ಅರ್ಜಿ ಹಾಕುವವರು ಯಾರು? ಹಳ್ಳಿಯ ಶಾಲೆಗೆ ಮೇಷ್ಟ್ರಿಲ್ಲದಿದ್ದರೆ, ಖಾಲಿ ಹುದ್ದೆ ವರ್ಷಗಟ್ಟಲೆ ತುಂಬದಿದ್ದರೆ, ಶೇಕಡಾ ಲೆಕ್ಕ ಆದೇಶದಲ್ಲೇ ಉಳಿಯುತ್ತದೆ. ನಗರದಲ್ಲಿ ಕೋಚಿಂಗಿಗೆ ದುಡ್ಡು ಸುರಿಯಬಲ್ಲ ಮನೆಯ ಮಗುವೂ ಕಮಲಾಪುರ ತಾಂಡಾದ ಕೂಲಿಕಾರರ ಮಗಳೂ ಪ್ರದೇಶದ ಲೆಕ್ಕದಲ್ಲಿ ಒಂದೇ. ಗುಳೆ ಹೋಗುವ ತಾಯಿತಂದೆಯೊಡನೆ ಆ ಹುಡುಗಿ ವರ್ಷದ ನಡುವೆ ಶಾಲೆ ಬಿಡುತ್ತಾಳೆ. ಅವಳನ್ನು ಹೊರಗಿಡಲು ಭಾವಚಿತ್ರವೂ ಬೇಕಿಲ್ಲ, ಪರಭಾಷೆಯೂ ಬೇಕಿಲ್ಲ.

ಆದ್ದರಿಂದ ನನ್ನ ತೀರ್ಪು ಇಷ್ಟು: 371ಜೆ ನ್ಯಾಯವಾದ ಕಾನೂನು, ಅದರ ಜಾರಿ ಅರ್ಧ ನ್ಯಾಯ. ಕಲ್ಯಾಣ ಕರ್ನಾಟಕದ ಪ್ರತಿ ಖಾಲಿ ಹುದ್ದೆಗೂ ಗಡುವು ಇರಲಿ, ಮೊದಲು ಶಿಕ್ಷಕರ ಹುದ್ದೆ ತುಂಬಲಿ. ಯಾವ ತಾಲ್ಲೂಕಿನ, ಯಾವ ಸಮುದಾಯದ ಎಷ್ಟು ಮಂದಿಗೆ ನೌಕರಿ ಸಿಕ್ಕಿತೆಂಬ ಪಟ್ಟಿ ಪ್ರತಿ ವರ್ಷ ವಿಧಾನಮಂಡಲದ ಮುಂದೆ ಬರಲಿ. ತಾಂಡಾದ ಆ ಹುಡುಗಿ ಅರ್ಜಿ ಹಾಕುವಷ್ಟು ಓದಿದಾಗಲೇ ಈ ಕಾನೂನು ಗೆದ್ದಿತೆಂದು ಒಪ್ಪೋಣ.