ಕಂಪ್ರೆಶನ್ ಗೇಜಿನ ಮುಳ್ಳು

ಎಂಜಿನ್ ಬಿಚ್ಚದೆಯೇ ಅದರ ಒಳಗಿನ ಸ್ಥಿತಿ ತಿಳಿಸುವ ಉಪಕರಣಗಳಲ್ಲಿ ಕಂಪ್ರೆಶನ್ ಗೇಜಿನಷ್ಟು ಸರಳವೂ ಸೊಗಸೂ ಆದದ್ದು ಅಪರೂಪ. ಅಳೆಯುವಾಗ ಪೆಟ್ರೋಲ್ ಎಂಜಿನ್ ಬಿಸಿಯಾಗಿರಬೇಕು, ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು, ಇಗ್ನಿಷನ್ ಮತ್ತು ಇಂಧನ ಪೂರೈಕೆ ನಿಂತಿರಬೇಕು. ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ಬಿಚ್ಚಬೇಕು. ಒಂದನ್ನಷ್ಟೇ ಬಿಚ್ಚಿದರೆ ಉಳಿದ ಸಿಲಿಂಡರುಗಳ ಒತ್ತಡದಿಂದ ಎಂಜಿನ್ ನಿಧಾನವಾಗಿ ತಿರುಗುತ್ತದೆ. ಹಲವರು ಮರೆಯುವುದು ಥ್ರಾಟಲ್ ಅನ್ನು. ಅದು ಪೂರ್ತಿ ತೆರೆದಿರದಿದ್ದರೆ ಸಾಕಷ್ಟು ಗಾಳಿ ಒಳಸೇರದೆ, ಗಟ್ಟಿಮುಟ್ಟಾದ ಎಂಜಿನ್ ಕೂಡ ಸವೆದಂತೆ ಕಾಣುತ್ತದೆ.

ಗೇಜಿನ ಬುಡದ ಪುಟ್ಟ ವಾಲ್ವ್ ಪ್ರತಿ ಸ್ಟ್ರೋಕಿನ ಒತ್ತಡವನ್ನು ಹಿಡಿದಿಡುವುದರಿಂದ ಮುಳ್ಳು ಹಂತಹಂತವಾಗಿ ಏರುತ್ತದೆ. ಆ ಏರಿಕೆಯ ರೀತಿಯನ್ನು ಓದುವುದೇ ಈ ಪರೀಕ್ಷೆಯ ನಿಜವಾದ ಕಲೆ. ಮೊದಲ ಸ್ಟ್ರೋಕಿಗೇ ಮುಳ್ಳು ಚೆನ್ನಾಗಿ ಜಿಗಿದರೆ ಶುಭಸೂಚನೆ. ತಗ್ಗಿನಿಂದ ನಿಧಾನವಾಗಿ ಏರಿದರೆ ಪಿಸ್ಟನ್ ರಿಂಗ್ ಸವೆದಿರುವ ಸುಳಿವು. ಪ್ರತಿ ಸಿಲಿಂಡರಿಗೂ ಐದಾರು ಸ್ಟ್ರೋಕ್ ಸಾಕು, ಆದರೆ ಎಣಿಕೆ ಎಲ್ಲಕ್ಕೂ ಒಂದೇ ಇರಬೇಕು.

ಅಂಕಿ ತಗ್ಗಿದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಒತ್ತಡ ಏರಿದರೆ ದೋಷ ರಿಂಗಿನದು. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ಟಿನದು. ಅಕ್ಕಪಕ್ಕದ ಎರಡೂ ತಗ್ಗಿದ್ದರೆ ಅನುಮಾನ ಗ್ಯಾಸ್ಕೆಟ್ ಮೇಲೆಯೇ.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಗಾಳಿ ತೆಳುವಾದ್ದರಿಂದ ಮಂಗಳೂರಿಗಿಂತ ಅಂಕಿ ಸಹಜವಾಗಿಯೇ ಕಡಿಮೆ ಬರುತ್ತದೆ.