ಡೆಬ್‌ಹೆಲ್ಪರಿನಲ್ಲಿ ಕ್ರಮವೂ ಸ್ವಾತಂತ್ರ್ಯವೂ

ಡೆಬಿಯನ್ ವ್ಯವಸ್ಥೆಯಲ್ಲಿ ಒಂದು ತಂತ್ರಾಂಶವನ್ನು ಪ್ಯಾಕೇಜಾಗಿ ಕಟ್ಟುವ ವಿಧಿಯು ‘ರೂಲ್ಸ್’ ಎಂಬ ಮೇಕ್‌ಫೈಲಿನಲ್ಲಿ ಅಡಗಿರುತ್ತದೆ. 1997ರಲ್ಲಿ ಜೋಯಿ ಹೆಸ್ ಅವರು ಡೆಬ್‌ಹೆಲ್ಪರನ್ನು ರಚಿಸಿದಾಗ ಆ ಮೇಕ್‌ಫೈಲಿನೊಳಗಣ ಪುನರಾವೃತ್ತ ಕಾರ್ಯಗಳು ಒಂದೊಂದೂ ಒಂದೊಂದು ಸಣ್ಣ ಆಜ್ಞೆಯಾಗಿ ಬೇರ್ಪಟ್ಟವು. ಆದರೆ ಅವನ್ನು ಸರಿಯಾದ ಕ್ರಮದಲ್ಲಿ ಕರೆಯತಕ್ಕ ಹೊಣೆಯು ಕಟ್ಟುವವನ ಮೇಲೆಯೇ ಉಳಿದುದರಿಂದ, ಒಂದು ಕಡತದಿಂದ ಇನ್ನೊಂದಕ್ಕೆ ನಕಲಾಗುತ್ತ ಬಂದ ಸಾಲುಗಳಲ್ಲಿ ಯಾವುದು ಆ ಪ್ಯಾಕೇಜಿಗೆ ವಿಶಿಷ್ಟವಾದುದು, ಯಾವುದು ಬರಿಯ ಸಂಪ್ರದಾಯ ಎಂದು ವಿವೇಚಿಸುವುದು ಓದುವವನಿಗೆ ಪ್ರಯಾಸವೇ ಆಗಿತ್ತು. 2008ರಲ್ಲಿ ಬಂದ ‘ಡಿಎಚ್’ ಆಜ್ಞೆಯು ಆ ಕ್ರಮವನ್ನು ತಾನೇ ವಹಿಸಿಕೊಂಡು, ಇಡೀ ರೂಲ್ಸ್ ಕಡತವನ್ನು ಮೂರು ಸಾಲಿಗೆ ಇಳಿಸಿತು.

ಇಷ್ಟರಿಂದಲೇ ಅದು ಶ್ಲಾಘ್ಯವೆನ್ನಲಾಗದು. ಸರಳವಾದುದನ್ನು ಸರಳಗೊಳಿಸುವ ಉಪಕರಣಗಳು ಬೇಕಾದಷ್ಟಿವೆ. ಅಪವಾದ ಬಂದೊದಗಿದಾಗ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದರಲ್ಲಿ ಅದರ ಯೋಗ್ಯತೆ ತಿಳಿಯುತ್ತದೆ. ಮರುವರ್ಷ ಸೇರಿದ ‘ಓವರ್‌ರೈಡ್’ ಸೌಕರ್ಯದ ಪ್ರಕಾರ, ಸಂರಚನೆ, ನಿರ್ಮಾಣ, ಪರೀಕ್ಷೆ, ಸ್ಥಾಪನೆ ಎಂದು ಹೆಸರುಗೊಂಡ ಹಂತಗಳಲ್ಲಿ ಯಾವುದನ್ನು ಬದಲಿಸಬೇಕೋ ಆ ಹಂತದ ಆಜ್ಞೆಯ ಹೆಸರಿಗೆ ‘ಓವರ್‌ರೈಡ್’ ಎಂಬ ಪೂರ್ವಪದವನ್ನು ಹಚ್ಚಿ ಒಂದು ಗುರಿಯನ್ನು ಬರೆದರಾಯಿತು. ಉಳಿದುದೆಲ್ಲ ಯಥಾಕ್ರಮವಾಗಿ ಸಾಗುತ್ತದೆ. ಹೀಗಾಗಿ ಮೂರು ಸಾಲಿನ ಮೇಲೆ ಕಡತದಲ್ಲಿ ಏನೇ ಕಂಡರೂ ಅದು ಆ ಪ್ಯಾಕೇಜಿನ ವೈಶಿಷ್ಟ್ಯವೆಂದು ಓದುವವನು ನಂಬಬಹುದು. ಇದು ಅಲ್ಪವಾದ ಗುಣವಲ್ಲ.

ಆದರೆ ಈ ವಿಧಾನದಲ್ಲಿ ಮೊದಲು ಒಂದು ಬಲಾತ್ಕಾರವಿತ್ತು. ಸ್ಥಾಪನೆಯಾದ ಬಳಿಕ ಒಂದು ಅನಗತ್ಯ ಕಡತವನ್ನು ಅಳಿಸಬೇಕೆಂದಿದ್ದವನೂ ಆ ಹಂತವನ್ನೇ ಸಮಗ್ರವಾಗಿ ತನ್ನದಾಗಿಸಿಕೊಂಡು, ಮೂಲ ಆಜ್ಞೆಯನ್ನು ತಾನೇ ಮತ್ತೆ ಕರೆಯಬೇಕಾಗಿತ್ತು. ಮರೆತನೋ, ಏನೂ ಸ್ಥಾಪನೆಯಾಗುತ್ತಿರಲಿಲ್ಲ. ಸೇರಿಸುವುದಕ್ಕೂ ಸ್ಥಾನಪಲ್ಲಟಕ್ಕೂ ಒಂದೇ ಬಾಗಿಲನ್ನಿಟ್ಟುದು ದೋಷವೇ ಸರಿ. ಬಹುಕಾಲದ ಮೇಲೆ ಬಂದ ‘ಎಕ್ಸಿಕ್ಯೂಟ್ ಬಿಫೋರ್’, ‘ಎಕ್ಸಿಕ್ಯೂಟ್ ಆಫ್ಟರ್’ ಎಂಬ ಹುಕ್ಕುಗಳು ಅದನ್ನು ತಿದ್ದಿದವು. ಗುರಿಯ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಮೇಕ್ ದೂರುವುದಿಲ್ಲವಾಗಿ, ಅದನ್ನು ಹಿಡಿಯುವ ಕೆಲಸ ಲಿಂಟಿಯನ್ ಪರೀಕ್ಷಕನ ಪಾಲಿಗೆ ಬಂದಿತು. ಪರೀಕ್ಷೆಯ ಹಂತವನ್ನು ಓವರ್‌ರೈಡ್ ಮಾಡಿ ಕೆಳಗೆ ಏನನ್ನೂ ಬರೆಯದೆ ಬಿಟ್ಟರೆ ಪರೀಕ್ಷೆಗಳೆಲ್ಲ ಸದ್ದಿಲ್ಲದೆ ನಿಂತುಹೋಗುತ್ತವೆ. ಅಂತಹ ಬರಿದಾದ ಸಾಲಿನ ಮೇಲೆ ಕಾರಣವನ್ನೊಂದು ಟಿಪ್ಪಣಿಯಾಗಿ ಬರೆಯುವಷ್ಟಾದರೂ ದಾಕ್ಷಿಣ್ಯ ಬೇಡವೆ?

ಪ್ಲಗಿನ್‌ಗಳ ವಿಷಯ ಬೇರೆ. ಇಲ್ಲಿ ಆಡ್‌ಆನ್ ಎನಿಸಿಕೊಳ್ಳುವ ಇವು ಪರ್ಲ್ ಭಾಷೆಯ ಮಾಡ್ಯೂಲುಗಳು. ಇಂತಹ ಆಜ್ಞೆಗೆ ಮುಂಚೆ, ಇಂತಹುದರ ತರುವಾಯ ಎಂದು ಸ್ಥಾನವನ್ನು ನಿರ್ದೇಶಿಸಿ ತಮ್ಮ ಆಜ್ಞೆಯನ್ನು ಸಾಲಿನೊಳಗೆ ಸೇರಿಸುತ್ತವೆ. ಪೈಥಾನ್ ಪ್ಯಾಕೇಜುಗಳನ್ನು ಕಟ್ಟುವವರು ಇದರ ಉಪಕಾರವನ್ನು ನಿತ್ಯವೂ ಉಣ್ಣುತ್ತಾರೆ. ಮೊದಲು ಇವನ್ನು ‘ವಿತ್’ ಎಂದು ರೂಲ್ಸ್ ಕಡತದಲ್ಲಿಯೇ ಹೆಸರಿಸುತ್ತಿದ್ದರು. ಈಗ ‘ಕಂಟ್ರೋಲ್’ ಕಡತದ ಅವಲಂಬನೆಗಳ ಪಟ್ಟಿಯಲ್ಲಿ ಸೂಚಿಸಿದರೂ ಸಾಕು. ಒಂದೇ ಮಾತನ್ನು ಎರಡೆಡೆ ಬರೆಯುವ ಶ್ರಮ ತಪ್ಪಿತು, ನಿಜ. ಆದರೆ ರೂಲ್ಸನ್ನು ಮಾತ್ರ ಓದಿದವನಿಗೆ ಕಟ್ಟುವ ಕ್ರಮದಲ್ಲಿ ಯಾರು ಯಾರು ಕೈಹಾಕಿದ್ದಾರೆಂಬುದು ಇನ್ನು ಕಾಣದು. ‘ನೋ ಆ್ಯಕ್ಟ್’ ಎಂಬ ಆಯ್ಕೆಯೊಡನೆ ಡಿಎಚನ್ನು ಓಡಿಸಿದರೆ, ಏನನ್ನೂ ನಡೆಸದೆ, ಆಡ್‌ಆನ್‌ಗಳು ಸೇರಿಸಿದವೂ ಒಳಗೊಂಡಂತೆ ಎಲ್ಲ ಆಜ್ಞೆಗಳನ್ನೂ ಅದು ಕ್ರಮವಾಗಿ ಮುದ್ರಿಸಿ ತೋರಿಸುತ್ತದೆ. ಹೊಸಬರಿಗೆ ಓವರ್‌ರೈಡನ್ನು ಹೇಳಿಕೊಡುವುದಕ್ಕೆ ಮೊದಲು ಇದನ್ನು ಹೇಳಿಕೊಡತಕ್ಕದ್ದು.